ಕಾರು ಸರಿಸಬೇಡಿ, ಮಗುವನ್ನು ಬಗ್ಗಿಸಿ

ಬೆಳಗಾವಿಯ ಆರು ವರ್ಷದ ಪೋರನೊಬ್ಬ ಸ್ಕೇಟ್ಸ್ ಕಟ್ಟಿಕೊಂಡು, ಕಾಲೆರಡನ್ನೂ ಅತ್ತಿತ್ತ ಚಾಚಿ, ಗಲ್ಲ ನೆಲಕ್ಕೆ ತಾಗುವಷ್ಟು ಬಗ್ಗಿ, ಸಾಲಾಗಿ ನಿಂತ 57 ಕಾರುಗಳ ಅಡಿಯಿಂದ ನುಸುಳಿ ಹೆಸರು ಮಾಡಿದ್ದ. ಕೆಲ ವರ್ಷಗಳ ನಂತರ ಬೆಂಗಳೂರಿನ ಅದೇ ವಯಸ್ಸಿನ ಇನ್ನೊಬ್ಬ 39 ಕಾರುಗಳ ಕೆಳಗೆ ತೂರಿಕೊಂಡು ಹೋದ. ಲಿಂಬೋ ಸ್ಕೇಟಿಂಗ್ ಅಂತೆ. ಹುಡುಗರ ಸಾಹಸದ ಬಗ್ಗೆ ಎರಡು ಮಾತಿಲ್ಲ. ಆದರೆ ಅದರಲ್ಲಿ ನಗರ ಯೋಜನೆಯವರಿಗೂ ಒಂದು ಪಾಠವಿತ್ತು, ಅವರು ಅದನ್ನು ಚೆನ್ನಾಗಿಯೇ ಕಲಿತರು: ಕಾರು ಸರಿಸುವುದಕ್ಕಿಂತ ಮಗುವನ್ನು ಬಗ್ಗಿಸುವುದು ಸುಲಭ.

ಹಾಗೆಂದು ನಮ್ಮ ಬಡಾವಣೆಗಳಲ್ಲಿ ಸ್ಕೇಟಿಂಗ್ ರಿಂಕ್ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಪಾರ್ಕಿನ ಮೂಲೆಯಲ್ಲಿ ಸಿಮೆಂಟು ಬಳಿದು, ಸುತ್ತ ಕಂಬಿ ನೆಟ್ಟು, ಉದ್ಘಾಟಿಸಿದವರ ಹೆಸರಿನ ಕಲ್ಲು ಕೂರಿಸಿದ್ದೇವೆ. ಬೆಳಿಗ್ಗೆ ಅಲ್ಲಿ ಯೋಗ, ಮಧ್ಯಾಹ್ನ ಹಪ್ಪಳ ಸಂಡಿಗೆ. ಭಾದ್ರಪದದಲ್ಲಿ ಗಣಪತಿ ಪೆಂಡಾಲು, ನವೆಂಬರಿನಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾ. ಇಷ್ಟಾಗಿಯೂ ಜಾಗ ಮಿಕ್ಕಿದರೆ ಮಕ್ಕಳು ಸ್ಕೇಟಿಂಗ್ ಮಾಡಿಕೊಳ್ಳಲಿ, ನಮ್ಮ ಅಭ್ಯಂತರವೇನಿಲ್ಲ.

ಪೆಂಡಾಲು ಬಿಚ್ಚಿದ ಮರುದಿನ ಕೋಚ್ ಸಿಳ್ಳೆ ಊದುವ ಮುನ್ನ ಪೊರಕೆ ಹಿಡಿಯುತ್ತಾನೆ. ಚಕ್ರಕ್ಕೆ ಕಡಲೆ ಗಾತ್ರದ ಜಲ್ಲಿ ಚೂರು ಸಿಕ್ಕರೆ ಸಾಕು. ಚಕ್ರ ನಿಲ್ಲುತ್ತದೆ, ಮಗು ನಿಲ್ಲುವುದಿಲ್ಲ. ಗುಡಿಸಿದ ಮೇಲೆ ಮಂಡಿಯೂರಿ, ಗೂಟ ಹೊಡೆದ ತೂತುಗಳಿಗೆ ಕರಣೆಯಲ್ಲಿ ಸಿಮೆಂಟು ತುಂಬುತ್ತಾನೆ. ದೂರು ಹೇಳಿದರೆ ಬಡಾವಣೆ ಸಂಘದ ಅಧ್ಯಕ್ಷರ ಉತ್ತರ ಸಿದ್ಧ: "ವರ್ಷಕ್ಕೊಂದ್ಸಲ ದೇವ್ರ ಕಾರ್ಯ ಕಣ್ರೀ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ." ದೇವರು ನಮ್ಮಲ್ಲಿ ಒಬ್ಬನೇ ಅಲ್ಲ ಎಂಬುದು ಕೋಚಿಗೂ ಗೊತ್ತು.

ದೊಡ್ಡ ದುಡ್ಡಿನ ಕಥೆ ಬೇರೆಯಿರಬಹುದು ಅಂದುಕೊಂಡರೆ ಡೆಹ್ರಾಡೂನ್ ನೋಡಿ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಅಲ್ಲಿ ಒಳಾಂಗಣ ಐಸ್ ರಿಂಕ್ ಎದ್ದಿತು. ಕೂಟ ಮುಗಿಯಿತು, ಕರೆಂಟ್ ಬಿಲ್ಲು ಮುಗಿಯಲಿಲ್ಲ. ಮಂಜುಗಡ್ಡೆ ಕರಗಿತು, ರಿಂಕ್ ಶೈತ್ಯಾಗಾರ ಸೇರಿತು. ಮತ್ತೆ ಬಾಗಿಲು ತೆರೆದದ್ದು 2025ರಲ್ಲಿ. ಶಿಮ್ಲಾದ್ದು 1920ರಿಂದ ಇರುವ ರಿಂಕ್. ಸಂಜೆ ನೀರು ಹಾಯಿಸಿದರೆ ರಾತ್ರಿಯ ಚಳಿಯೇ ಪುಕ್ಕಟೆ ಹೆಪ್ಪುಗಟ್ಟಿಸಿ ಕೊಡುತ್ತಿತ್ತು. ಈಗ ಚಳಿಯೂ ಅನುದಾನದ ಹಾಗೆ, ತಡವಾಗಿ ಬಂದು ಬೇಗ ಮುಗಿಯುತ್ತದೆ.

ಇಷ್ಟರ ಮೇಲೂ ಮಕ್ಕಳು ಗೆಲ್ಲುತ್ತಾರಲ್ಲ, ಅದೇ ಕಿರಿಕಿರಿ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ರೋಲರ್ ಸ್ಕೇಟಿಂಗ್ 3000 ಮೀಟರ್ ರಿಲೇಯಲ್ಲಿ ನಮ್ಮ ಹುಡುಗಿಯರೂ ಹುಡುಗರೂ ಕಂಚು ತಂದರು. 2025ರಲ್ಲಿ ಚೆನ್ನೈನ ಆನಂದ್‌ಕುಮಾರ್ ವೇಲ್‌ಕುಮಾರ್ ಸ್ಪೀಡ್ ಸ್ಕೇಟಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆದ. ಸೌಲಭ್ಯ ಕೊಡದಿದ್ದರೂ ಪದಕ ಬರುತ್ತದೆ ಎಂದಾದ ಮೇಲೆ ಕೊಡುವ ದರ್ದು ಯಾರಿಗಿದೆ?

ಸನ್ಮಾನದಲ್ಲಿ ಮಾತ್ರ ನಾವು ಹಿಂದೆ ಬಿದ್ದವರಲ್ಲ. ನಮ್ಮ ಬಡಾವಣೆಯ ಹುಡುಗಿಯೊಬ್ಬಳು ನಾಳೆ ಗೆದ್ದು ಬಂದರೆ ಮೈಸೂರು ಪೇಟ, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ ಎಲ್ಲ ಸಿದ್ಧ. ಸಮಾರಂಭ ರಿಂಕ್‌ನಲ್ಲೇ. ಶಾಮಿಯಾನದ ಗೂಟಕ್ಕೆ ಹೊಸ ಜಾಗ ಹುಡುಕಬೇಕಾಗಿಲ್ಲ. ಕೋಚ್ ಮುಚ್ಚಿಟ್ಟ ತೂತುಗಳನ್ನೇ ಮತ್ತೆ ಅಗೆದರಾಯಿತು.