ಲಾರಿ ಕುಡಿಯುವ ನೀರು

ನೀರಿನ ಮಟ್ಟಿಗೆ ಹೇಳುವುದಾದರೆ, ಬೆಂಗಳೂರಿನ ಕಾಡುಗೋಡಿಯಲ್ಲಿ ಮನುಷ್ಯನಾಗಿ ಹುಟ್ಟುವುದಕ್ಕಿಂತ ಲಾರಿಯಾಗಿ ಹುಟ್ಟುವುದು ಮೇಲು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಬಹುಪಾಲು ಹೊಸ ಲಾರಿಗಳಿಗೆ ಡೀಸೆಲ್ ಟ್ಯಾಂಕಿನ ಪಕ್ಕ ನೀಲಿ ಮುಚ್ಚಳದ ಇನ್ನೊಂದು ಟ್ಯಾಂಕು ಬಂತಲ್ಲ, ಅದಕ್ಕೆ ಹಾಕುವ ಡಿಇಎಫ್ ಎಂದರೆ ನೂರಕ್ಕೆ 32.5 ಪಾಲು ಯೂರಿಯಾ, ಮಿಕ್ಕಿದ್ದು ನೀರು. ಆ ದ್ರಾವಣದಲ್ಲಿ ಕಿಲೋಗೆ ಅರ್ಧ ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇರಕೂಡದು. ನಾವು ಕುಡಿಯುವ ನೀರಿನಲ್ಲಿ ಲೀಟರಿಗೆ 75 ಮಿಲಿಗ್ರಾಂ ಇರಬಹುದು. ಬೇರೆ ಗತಿಯಿಲ್ಲದಿದ್ದರೆ 200. ಹಾಗಂತ ಭಾರತೀಯ ಮಾನಕವೇ ಹೇಳುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕೈಮುಗಿದು ನಿಂತ ವೈಟ್‌ಫೀಲ್ಡಿನವರಿಗೆ ಆ 'ಬೇರೆ ಗತಿಯಿಲ್ಲ' ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಲಾರಿಯ ಈ ಮಡಿಗೆ ಕಾರಣವಿದೆ. ಸೈಲೆನ್ಸರಿನ ಕಾವಿಗೆ ಯೂರಿಯಾ ಒಡೆದು ಅಮೋನಿಯ ಆಗುತ್ತದೆ. ಅದು ಕ್ಯಾಟಲಿಸ್ಟ್ ಮೇಲೆ ಕೂತು, ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡನ್ನು ಬರೀ ನೈಟ್ರೋಜನ್ನು, ನೀರಾವಿ ಮಾಡಿ ಕಳಿಸಬೇಕು. ಆದರೆ ಡಿಇಎಫ್‌ಗೆ ಬೆರೆಸಿದ ಬೋರ್‌ವೆಲ್ ನೀರಿನ ಸೋಡಿಯಂ, ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಹಾಗೆ, ಆ ಜಾಗವನ್ನು ಮೊದಲೇ ಹಿಡಿದಿರುತ್ತದೆ. ಇಳಿಯುವ ಸ್ಟಾಪಿಲ್ಲ. ಎಂಜಿನ್ ಆಯಿಲಿನ ರಂಜಕವೂ ಅಂಥದ್ದೇ ಗಿರಾಕಿ. ಡೀಸೆಲ್ಲಿನ ಗಂಧಕ ಸ್ವಲ್ಪ ಸಭ್ಯ. ಚೆನ್ನಾಗಿ ಕಾಯಿಸಿದರೆ ಬಹುಮಟ್ಟಿಗೆ ಎದ್ದು ಹೋಗುತ್ತದೆ. ಅದನ್ನೂ ಸರ್ಕಾರ 50 ಪಿಪಿಎಂನಿಂದ 10ಕ್ಕೆ ಇಳಿಸಿದೆ. ಕಾಯಿಸುವುದೆಲ್ಲಿ? ಕಂಟೇನರ್ ಡಿಪೋ ಲಾರಿಗಳು ಹೋಪ್ ಫಾರಂ ಸರ್ಕಲ್ಲಿನಲ್ಲಿ ತೆವಳುವ ವೇಗಕ್ಕೆ ಕಾಯುವುದು ಡ್ರೈವರನ ತಲೆ ಮಾತ್ರ.

ಇಷ್ಟೆಲ್ಲ ಮಡಿ ಮುರಿಯಲು ಬೇಕಾದ್ದು ಒಂದು ಡ್ರಮ್ಮು, ಒಂದು ಕೋಲು, ಒಂದು ಮೂಟೆ ಯೂರಿಯಾ ಗೊಬ್ಬರ. ಬೋರ್‌ವೆಲ್ ನೀರಿಗೆ ಕಲಸಿದರೆ ನಕಲಿ ಡಿಇಎಫ್. 45 ಕಿಲೋ ಮೂಟೆಗೆ ಸಬ್ಸಿಡಿ ಕಳೆದು 266 ರೂಪಾಯಿ 50 ಪೈಸೆ. ಅದು ಹೊಲ ಬಿಟ್ಟು ಅಡ್ಡದಾರಿ ಹಿಡಿಯಬಾರದೆಂದೂ 2015ರಲ್ಲಿ ಎಲ್ಲ ಯೂರಿಯಾಕ್ಕೂ ಬೇವಿನೆಣ್ಣೆ ಬಳಿಸಿದರು. ದಂಧೆಯವರಿಗೆ ಬೇವು ಕಹಿಯಾದಂತಿಲ್ಲ. 2025ರ ಜುಲೈನಲ್ಲಿ ನಮ್ಮ ರೈತರು ಯೂರಿಯಾಕ್ಕಾಗಿ ಸೊಸೈಟಿ ಮುಂದೆ ಸಾಲುಗಟ್ಟಿದ್ದರು. ನಕಲಿ ಡಿಇಎಫ್‌ಗೆ ಕ್ಯೂ ಇಲ್ಲ, ಆಧಾರ್ ಕಾರ್ಡೂ ಬೇಡ. ಕೊನೆಗೊಂದು ದಿನ ಡಿಇಎಫ್ ಚಿಮ್ಮಿಸುವ ನಾಜಲ್ ಬಿಚ್ಚಿದರೆ ತುದಿಯಲ್ಲಿ ಬೆಳ್ಳಗೆ ಹಕ್ಕಳೆ. ಉಗುರಲ್ಲಿ ಕೆರೆದರೂ ಬಿಡುವುದಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಲೈಟು ಹತ್ತುತ್ತದೆ, ಪಿಕಪ್ ಬೀಳುತ್ತದೆ. ಹೊಸ ಕ್ಯಾಟಲಿಸ್ಟಿಗೆ ಲಕ್ಷದ ಮಾತು. "ಬಿಡಣ್ಣ, ಎಮ್ಯುಲೇಟರ್ ಹಾಕ್ಸಿಬಿಡು" ಎನ್ನುವ ಮಿಸ್ತ್ರಿ ಎಲ್ಲಿಯಾದರೂ ಸಿಕ್ಕೇ ಸಿಗುತ್ತಾನೆ. ಅಂಗೈಯಗಲದ ಡಬ್ಬಿ. ಡಿಇಎಫ್ ತುಂಬಿದೆ, ಎಲ್ಲ ಸರಿಯಿದೆ ಎಂದು ಗಾಡಿಯ ಕಂಪ್ಯೂಟರಿಗೆ ಹಗಲಿರುಳು ಸುಳ್ಳು ಹೇಳುವುದೇ ಅದರ ಉದ್ಯೋಗ. ರಜೆ ಕೇಳುವುದಿಲ್ಲ, ಅಪ್ರೈಸಲ್ ಕೇಳುವುದಿಲ್ಲ. ಐಟಿಪಿಎಲ್‌ನಲ್ಲೂ ಇಷ್ಟು ನಿಷ್ಠೆಯ ಸಾಫ್ಟ್‌ವೇರ್ ಬರೆದವರು ವಿರಳ.

ಉಳಿದದ್ದು ಎಮಿಷನ್ ಟೆಸ್ಟು. ಡೀಸೆಲ್ ಗಾಡಿಯ ಆಕ್ಸಿಲರೇಟರ್ ತುಳಿಸಿ, ಹೊಗೆ ಎಷ್ಟು ಬೆಳಕನ್ನು ತಡೆಯಿತು ಎಂದಷ್ಟೇ ಆ ಯಂತ್ರ ಅಳೆಯುತ್ತದೆ. ಮಸಿಯನ್ನು ಬೇರೊಂದು ಫಿಲ್ಟರು ಹಿಡಿದಿಟ್ಟಿರುತ್ತದೆ. ಕ್ಯಾಟಲಿಸ್ಟ್ ಕಳೆಯಬೇಕಿದ್ದ ನೈಟ್ರೋಜನ್ ಆಕ್ಸೈಡಿನ ಬಗ್ಗೆ ಯಂತ್ರವನ್ನು ಯಾರೂ ಕೇಳಿಲ್ಲ, ಅದೂ ತಾನಾಗಿ ಬಾಯಿಬಿಡುವುದಿಲ್ಲ.

"ಹೊಗೇನೇ ಇಲ್ವಲ್ಲಣ್ಣ, ಷೋರೂಮ್ ಗಾಡಿ ಥರ ಐತೆ!" ಎಂದು ಹುಡುಗ ಸರ್ಟಿಫಿಕೇಟ್ ಹರಿದು ಕೊಡುತ್ತಾನೆ.