ಜಗತ್ತನ್ನು ಆಳುತ್ತಿರುವ ಹಿರಿಯರಿಗೆ, ಹಿರೇಕೊಡಿಗೆಯಿಂದ

ಮಾನ್ಯ ಜಿಯೋನಿನ ಹಿರಿಯರೇ,

ನಿಮ್ಮ ವಿಳಾಸ ಯಾರಿಗೂ ಗೊತ್ತಿಲ್ಲ, ಅದಕ್ಕೇ ಈ ಬಹಿರಂಗ ಪತ್ರ. ಜಗತ್ತಿನ ಬ್ಯಾಂಕು, ಯುದ್ಧ, ಔಷಧಿ, ಟೀವಿ ಎಲ್ಲ ಯಹೂದಿಗಳಾದ ನಿಮ್ಮ ಮುಷ್ಟಿಯಲ್ಲಿದೆ ಎಂದು ವಾಟ್ಸಾಪಿನಲ್ಲಿ ಬಂತು. ಸಂತೋಷ. ಹಾಗಿದ್ದರೆ ಒಂದು ಅಹವಾಲು. ಕೊಪ್ಪ, ಶೃಂಗೇರಿ ಕಡೆಯ ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ತಗುಲಿ ದಶಕಗಳೇ ಆದವು. ಈಗ ಎಲೆಚುಕ್ಕಿ ರೋಗವೂ ಜೊತೆಗೂಡಿದೆ. ಬೋರ್ಡೋ ದ್ರಾವಣ ಹೊಡೆಯೋಣವೆಂದರೆ ಮರ ಹತ್ತುವವರಿಲ್ಲ. ಭೂಮಂಡಲವನ್ನೇ ನಡೆಸುವವರು ಇಷ್ಟು ನೋಡಿಕೊಳ್ಳಲಾಗದೇ?

ನಿಮ್ಮ ಗುಪ್ತ ಸಭೆಯದೆನ್ನಲಾದ ನಡಾವಳಿ 1903ರಲ್ಲಿ ರಷ್ಯಾದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದರ ಬಹುಪಾಲು ಕದ್ದ ಮಾಲು. ಮೋರಿಸ್ ಜೋಲಿ ಎಂಬ ಫ್ರೆಂಚ್ ವಕೀಲ ಮೂರನೇ ನೆಪೋಲಿಯನ್ನನನ್ನು ಲೇವಡಿ ಮಾಡಿ 1864ರಲ್ಲಿ ಬರೆದ ಪುಸ್ತಕದಿಂದ ಎತ್ತಿದ್ದು. ಆ ಪುಸ್ತಕದಲ್ಲಿ ಯಹೂದಿ ಸಂಚಿನ ಸುಳಿವೇ ಇಲ್ಲ. ಲಂಡನ್ನಿನ ಟೈಮ್ಸ್ 1921ರಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿತು. ಹಿಟ್ಲರ್ ಕದಲಲಿಲ್ಲ. ಖೋಟಾ ಎಂದು ಗೋಳಾಡುವುದೇ ಅದು ಅಸಲಿ ಎಂಬುದಕ್ಕೆ ಪುರಾವೆ ಎಂಬ ವಾದವನ್ನು ತನ್ನ ಆತ್ಮಕಥೆಯಲ್ಲಿ ಹೂಡಿದ. ಇಂಥ ವಾದಕ್ಕೆ ಯಾವ ವಕೀಲ ಉತ್ತರ ಕೊಟ್ಟಾನು?

ನಿಮ್ಮ ಹಳೇ ಕಡತವನ್ನೂ ನೋಡಿದೆ. ಮೊದಲು ಏಸುವನ್ನು ಕೊಂದವರು ಎಂಬ ಆಪಾದನೆ. ಇಡೀ ಜನಾಂಗದ ತಲೆಗೆ ಅದನ್ನು ಕಟ್ಟುವುದು ತಪ್ಪೆಂದು ಕ್ಯಾಥೊಲಿಕ್ ಚರ್ಚ್ ಹೇಳಿದ್ದು 1965ರಲ್ಲಿ. ಮಧ್ಯಯುಗದ ಯೂರೋಪಿನ ಬಹಳ ಕಡೆ ನಿಮಗೆ ಜಮೀನಿಲ್ಲ, ಕಸುಬುದಾರರ ಸಂಘದಲ್ಲಿ ಜಾಗವಿಲ್ಲ. ಬಡ್ಡಿ ವ್ಯವಹಾರ ಕ್ರೈಸ್ತರಿಗೆ ನಿಷಿದ್ಧ, ದೊರೆಗಳಿಗೋ ಸಾಲ ಬೇಕು. ಹಲವರನ್ನು ಆ ದಾರಿಗೆ ತಳ್ಳಿ, ಆಮೇಲೆ ಬಡ್ಡಿಕೋರರೆಂದು ಉಗಿದರು. ಕೆರೆಗೆ ಇಳಿಯಬೇಡವೆಂದು ದಲಿತರನ್ನು ಅಟ್ಟಿ, ಮೈ ಕೊಳಕೆಂದು ಮೂಗು ಮುಚ್ಚಿಕೊಂಡ ನಮಗೆ ಈ ತರ್ಕವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. 1349ರಲ್ಲಿ, ಬಾವಿಗೆ ವಿಷ ಹಾಕಿ ಪ್ಲೇಗ್ ತಂದಿರೆಂದು ಸ್ಟ್ರಾಸ್‌ಬರ್ಗಿನಲ್ಲಿ ನಿಮ್ಮವರನ್ನು ಸುಟ್ಟರು. ಪ್ಲೇಗ್ ಆ ಊರಿಗೆ ಇನ್ನೂ ಬಂದೇ ಇರಲಿಲ್ಲ! ಹತ್ತೊಂಬತ್ತನೇ ಶತಮಾನಕ್ಕೆ ಧರ್ಮದ ಮಾತು ಹಿಂದಾಗಿ ರಕ್ತದ ಮಾತು ಮುಂದಾಯಿತು. ಮತ ಬಿಟ್ಟರೂ ಬಿಡುಗಡೆಯಿಲ್ಲ. ಬ್ಯಾಂಕಿನ ಧಣಿಯೂ ನೀವೇ, ಬ್ಯಾಂಕು ಮುಳುಗಿಸಹೊರಟ ಕಮ್ಯುನಿಸ್ಟನೂ ನೀವೇ. ಕೊನೆಗೆ ನಾಜಿಗಳ ಕೈಯಲ್ಲಿ 60 ಲಕ್ಷ ಜನ ಹೋದರು.

ಹಿರೇಕೊಡಿಗೆಯಲ್ಲಿ ಒಬ್ಬ ಯಹೂದಿಯನ್ನೂ ನಾನು ಕಂಡಿಲ್ಲ. ಘಟ್ಟದ ಕೆಳಗೆ ಒಬ್ಬನಿದ್ದ. ಟ್ಯುನೀಶಿಯಾ ಮೂಲದ ಅಬ್ರಹಾಂ ಬೆನ್ ಯಿಜು ಹನ್ನೆರಡನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿ, ಆಶು ಎಂಬಾಕೆಯೊಂದಿಗೆ ಸಂಸಾರ ಹೂಡಿ, ಮೆಣಸು, ಅಡಿಕೆಯನ್ನು ಏಡನ್ನಿಗೆ ಕಳಿಸುತ್ತಿದ್ದ. ಕೈರೋದ ಸಿನಗಾಗಿನಲ್ಲಿ ಉಳಿದ ಅವನ ಕಾಗದಪತ್ರಗಳಲ್ಲಿ ಜಗತ್ತನ್ನು ಆಳುವ ಯೋಜನೆ ಇಲ್ಲ. ಏಲಕ್ಕಿ ಕೊಡುತ್ತೇನೆಂದು ಮುಂಗಡ ಪಡೆದು ಕೈಯೆತ್ತಿದ ನಮ್ಮ ಕಡೆಯ ದಲ್ಲಾಳಿಯ ಬಾಕಿ ಲೆಕ್ಕ ಇದೆ. ಮೋಸ ಯಾರು ಯಾರಿಗೆ ಮಾಡಿದರೆಂದು ಬಿಡಿಸಿ ಹೇಳಿದರೆ ನಮಗೇ ಮುಜುಗರ.

ಈಗ ನಮ್ಮವರ ಒಂದೇ ಮೊಬೈಲಿನಲ್ಲಿ ಬೆಳಿಗ್ಗೆ ಇಸ್ರೇಲಿಗೆ ಜೈ, ಸಂಜೆ ‘ಈ ದೇಶಕ್ಕೆ ಒಬ್ಬ ಹಿಟ್ಲರ್ ಬೇಕು’. ಇನ್ನೊಂದು ಮೊಬೈಲಿನಲ್ಲಿ ಗಾಜಾದ ಮಕ್ಕಳಿಗೆ ಕಣ್ಣೀರು, ಅದರ ಬೆನ್ನಿಗೇ ನಿಮ್ಮ ಆ ಖೋಟಾ ನಡಾವಳಿ. ವಿಶ್ವಮಾನವ ಎಂದ ಕುವೆಂಪು 1904ರಲ್ಲಿ ಹುಟ್ಟಿದ ಊರು ನಮ್ಮದು; ಅವರ ಹುಟ್ಟುಹಬ್ಬವಾದ ಡಿಸೆಂಬರ್ 29ಕ್ಕೆ ಆ ಮಾತೂ ತಪ್ಪದೆ ಫಾರ್ವರ್ಡ್ ಆಗುತ್ತದೆ.

ನೀವು ಸಿಗದಿದ್ದರೂ ಬಲಿ ಹುಡುಕುವ ನಮ್ಮ ಕೆಲಸ ನಿಂತಿಲ್ಲ. ನಾಜಿಗಳು ಯಹೂದಿ ಅಂಗಡಿಗಳಿಗೆ ಬಹಿಷ್ಕಾರ ಹಾಕಿಸಿದ್ದು 1933ರ ಏಪ್ರಿಲ್ 1ರಂದು. 2022ರ ಮಾರ್ಚಿನಲ್ಲಿ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ.

ಇತಿ,
ಹಿರೇಕೊಡಿಗೆಯ ಒಬ್ಬ ಅಡಿಕೆ ಬೆಳೆಗಾರ