ಫ್ಲಾರಿಡಾದ ಆನಂದಪುರ

ಅಮೆರಿಕದಲ್ಲಿರೋ ಮಕ್ಕಳ ಮನೆಗೆ ಹೋದ ಅಪ್ಪ-ಅಮ್ಮಂದಿರಿಗೆ ಮೂರು ಯಾತ್ರೆ ತಪ್ಪಿದ್ದಲ್ಲ ಶಾರದಕ್ಕ. ನಯಾಗರಾ, ಅಕ್ಕಪಕ್ಕದ ಊರಲ್ಲಿ ಸಿಕ್ಕ ಒಬ್ಬ ವೆಂಕಟರಮಣ, ಆಮೇಲೆ ಈ ಡಿಸ್ನಿ. ಮೊದಲಿನ ಎರಡಕ್ಕೆ ಯಾರ ತಕರಾರೂ ಇಲ್ಲ. ಮೂರನೆಯದು ಬಂದಾಗಲೇ ಎಲ್ಲರೂ ‘ಈ ವಯಸ್ಸಿಗೆ ಅದೆಲ್ಲ ಯಾಕಪ್ಪ, ಮಕ್ಕಳಾಟ’ ಅಂತ ರಾಗ ಎಳೆಯೋದು. ನಿಮ್ಮ ಮನೆಯವರೂ ಹಾಗೇ ಅಂದ್ರಂತೆ, ಅಲ್ವಾ?

ಮಕ್ಕಳಾಟ ಹೌದು. ಆದರೆ ಅದು ಹುಟ್ಟಿದ್ದು ದೊಡ್ಡವನೊಬ್ಬನ ಬೇಸರದಿಂದ. ವಾಲ್ಟ್ ಡಿಸ್ನಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರಕೊಂಡು ಹೋಗಿ, ಸುತ್ತುವ ಮರದ ಕುದುರೆಗಳ ಮೇಲೆ ಕೂರಿಸಿ, ತಾನು ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿಂತಾ ಇದ್ದನಂತೆ. ಮಕ್ಕಳು ಸುತ್ತಿ ಸುತ್ತಿ ಬರ್ತಾವೆ, ಈತನಿಗೆ ಕೆಲಸವಿಲ್ಲ. ಹಿರಿಯರೂ ಮಕ್ಕಳೂ ಕೂಡಿ ಖುಷಿಪಡೋ ಜಾಗ ಒಂದು ಇದ್ದಿದ್ದರೆ ಅಂತ ಯೋಚನೆ ಹತ್ತಿದ್ದು ಅಲ್ಲೇ. 1955ರಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆಯಿತು. ಫ್ಲಾರಿಡಾದ್ದು 1971ರಲ್ಲಿ. ಅದನ್ನು ನೋಡೋಕೆ ಪುಣ್ಯಾತ್ಮ ಇರಲಿಲ್ಲ, 1966ರಲ್ಲೇ ಹೋಗಿಬಿಟ್ಟಿದ್ದ. ಹಾಗಾಗಿ ಬೆಂಚಿನ ಮೇಲೆ ಕೂರುವವರೇ ಅಲ್ಲಿಯ ಮೂಲ ಹಕ್ಕುದಾರರು ಅನ್ನೋದು ನನ್ನ ವಾದ. ಹೋಗಿದ್ದು ಸಾರ್ಥಕವೋ ದಂಡವೋ ಅಂತ ಹೇಳಬೇಕಾದವರೂ ಅವರೇ.

ನಮ್ಮ ಸಾಗರದ ಮಾರಿಜಾತ್ರೆ ನೆನಪಿದೆಯಲ್ಲ. ಮೂರು ವರ್ಷಕ್ಕೊಮ್ಮೆ ತೊಟ್ಟಿಲು ಬರೋದು, ಬಾವಿಯೊಳಗೆ ಬೈಕು ಓಡಿಸೋನು ಬರೋನು. ನಾವೆಲ್ಲ ತೊಟ್ಟಿಲು ಹತ್ತಿ ಕಿರುಚುವಾಗ ನಮ್ಮಜ್ಜ ಕೆಳಗೆ ಎಲ್ಲರ ಚಪ್ಪಲಿ, ಚೀಲ, ಅರ್ಧ ತಿಂದ ಬೆಂಡು-ಬತ್ತಾಸು ಕಾಯ್ತಾ ನಿಲ್ಲೋರು. ನಿಲ್ಲೋರು, ಗೊತ್ತಾಯ್ತಾ? ಕೂರೋಕೆ ಜಾಗವೇ ಇರ್ತಿರಲಿಲ್ಲ. ಆದರೂ ಮನೆಗೆ ಬಂದು ನಮಗಿಂತ ಹೆಚ್ಚು ಕಥೆ ಹೇಳ್ತಿದ್ದವರು ಅವರೇ. ಯಾವನೋ ತೊಟ್ಟಿಲ ತುದಿಗೆ ಹೋದಾಗ ವಾಂತಿ ಮಾಡಿದ್ದು, ಅದು ಯಾರ ಪಂಚೆ ಮೇಲೆ ಬಿತ್ತು ಅನ್ನೋದು... ಹೋಗಲಿ ಬಿಡಿ, ಊಟದ ಹೊತ್ತು.

ಫ್ಲಾರಿಡಾದಲ್ಲಿ ಡಿಸ್ನಿಯವರದ್ದೇ ನಾಲ್ಕು ಪಾರ್ಕು. ನಾಲ್ಕಕ್ಕೂ ಓಡಬೇಡಿ, ಕಾಲು ಬಿದ್ದುಹೋಗ್ತದೆ. ನಾನಾದರೆ ಅನಿಮಲ್ ಕಿಂಗ್‌ಡಮ್ ಒಂದನ್ನೇ ಹೇಳೋದು. 1998ರಲ್ಲಿ ಶುರುವಾದ್ದು. ಅಲ್ಲಿ ಏಷ್ಯಾ ಅಂತ ಒಂದು ಭಾಗ ಮಾಡಿದಾರೆ. ಅದರಲ್ಲಿ ಹಿಮಾಲಯದ ಬುಡದ ಒಂದು ಕಾಲ್ಪನಿಕ ರಾಜ್ಯ. ಹೆಸರು ಏನು ಹೇಳಿ? ಆನಂದಪುರ! ನಗಬೇಡಿ. ಇಲ್ಲಿಂದ ಶಿವಮೊಗ್ಗ ಬಸ್ಸು ಹತ್ತಿದರೆ ಕಂಡಕ್ಟರು ಕೂಗಿ ಇಳಿಸೋ ಆನಂದಪುರ, ಅಲ್ಲಿ ತಲೆಗೆ ನೂರು ಡಾಲರಿಗೂ ಮೇಲೆ. ಗೋಡೆಗಳಿಗೆ ಬೇಕಂತಲೇ ಬಣ್ಣ ಕಿತ್ತಿದಾರೆ, ಪಾಚಿ ಹಿಡಿಸಿದಾರೆ, ಹಳೇ ಸೈಕಲ್ಲು ಒರಗಿಸಿದಾರೆ. ಇಷ್ಟು ಶ್ರದ್ಧೆಯಿಂದ ಹಾಳುಬಿದ್ದ ಊರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ನಮ್ಮ ಆನಂದಪುರದಲ್ಲಿ ಕೆಳದಿ ವೆಂಕಟಪ್ಪನಾಯಕ ಚಂಪಕಾಳ ನೆನಪಿಗೆ ಕಟ್ಟಿಸಿದ ಅಂತ ಹೇಳೋ ಕೊಳ ಇದೆಯಲ್ಲ, ಅದು ಎಷ್ಟು ಕಾಲ ಹೂಳು ತುಂಬಿ ಬಿದ್ದಿತ್ತು! ಅದಕ್ಕೆ ಯಾರೂ ಟಿಕೆಟ್ ಇಟ್ಟಿರಲಿಲ್ಲ.

ಇನ್ನೂ ಇದೆ ಕೇಳಿ. ಅಲ್ಲಿ ದುಂಡನೆ ದೋಣಿಯಲ್ಲಿ ಕೂರಿಸಿ ನೆನೆಸೋ ಒಂದು ಆಟ, ಅದರ ಹೆಸರು ಕಾಳಿ ರಿವರ್ ರ‍್ಯಾಪಿಡ್ಸ್. ಕಥೆಯ ಪ್ರಕಾರ ಹರಿಯೋ ಹೊಳೆ ಚಕ್ರನದಿ. ಕಾಳಿ ನಮ್ಮ ದಾಂಡೇಲಿಯದ್ದು, ಚಕ್ರಾ ನಮ್ಮ ಹೊಸನಗರದ ಕಡೆಯದ್ದು. ಎರಡನ್ನೂ ಸೇರಿಸಿ ಒಂದು ಸಿಮೆಂಟು ಕಾಲುವೆಗೆ ಬಿಟ್ಟ ಹಾಗಾಯ್ತು! ನಡುವೆ ಕಳ್ಳನಾಟಾದವರು ಮರ ಕಡಿದು ಸುಟ್ಟ ಕಾಡೂ ಬರ್ತದೆ, ಮಲೆನಾಡಿನವರಿಗೆ ಅದನ್ನು ಬೇರೆ ವಿವರಿಸಬೇಕಾ? ಪಕ್ಕದಲ್ಲೇ ಹುಲಿಗಳು, ಅವು ಮಾತ್ರ ನಿಜದ್ದು. ದಾಂಡೇಲಿ ಕಾಡಿನಲ್ಲಿ ದಿನವಿಡೀ ಜೀಪಿನಲ್ಲಿ ಕುಲುಕಿಸಿಕೊಂಡರೂ ಕಾಣದ ಹುಲಿ ಅಲ್ಲಿ ಗಾಜಿನಾಚೆ ಆಕಳಿಸ್ತಾ ಮಲಗಿರ್ತದೆ.

ಮಕ್ಕಳಿಗೆಲ್ಲ ಬೇಕಾದ್ದು ಎವರೆಸ್ಟ್ ಅನ್ನೋ ರೈಲು. ಗುಡ್ಡದೊಳಗೆ ಯೇತಿ ಇದೆ, ಮನುಷ್ಯನ ನಾಲ್ಕರಷ್ಟು ಎತ್ತರದ ಯಂತ್ರ. 2006ರಲ್ಲಿ ಆಟ ಶುರುವಾದಾಗ ಕೈ ಬೀಸಿ ರೈಲಿನ ಮೇಲೆ ಎರಗ್ತಿತ್ತಂತೆ. ಸ್ವಲ್ಪ ಕಾಲಕ್ಕೇ ನಿಂತುಹೋಯ್ತು. ಈಗ ಅದರ ಮೇಲೆ ಮಿಣಮಿಣ ಬೆಳಕು ಬಿಟ್ಟು, ಅಲ್ಲಾಡ್ತಿದೆ ಅನ್ನೋ ಭ್ರಮೆ ಹುಟ್ಟಿಸ್ತಾರೆ. ಅಲ್ಲಿಯ ಜನ ಅದಕ್ಕೆ ‘ಡಿಸ್ಕೋ ಯೇತಿ’ ಅಂತ ಅಡ್ಡಹೆಸರಿಟ್ಟು ಪ್ರೀತಿಯಿಂದಲೇ ನೋಡ್ತಾರೆ. ನನಗೆ ಇಡೀ ಪಾರ್ಕಿನಲ್ಲಿ ಆತ್ಮೀಯ ಅನಿಸಿದ್ದು ಅವನೊಬ್ಬನೇ ನೋಡಿ. ಮಂಡಿ ಹಿಡಕೊಂಡಿದೆ, ಆದರೂ ಡ್ಯೂಟಿ ಬಿಟ್ಟಿಲ್ಲ.

ಸಾಲಿನ ವಿಚಾರ ಕೇಳಬೇಡಿ. ಹಿಂದೆ ಬೇಗ ಒಳಗೆ ಬಿಡೋ ಚೀಟಿ ಪುಕ್ಕಟೆ ಸಿಗ್ತಿತ್ತು, ಈಗ ಅದಕ್ಕೂ ಬೇರೆ ಕಾಸು, ಥೇಟ್ ತಿರುಪತಿಯ ಮುನ್ನೂರು ರೂಪಾಯಿ ದರ್ಶನ. ಮಗನ ದುಡ್ಡು ಅಂತ ಸುಮ್ಮನಿರಬೇಡಿ, ಬಾಯಿ ಬಿಟ್ಟು ಕೊಡಿಸು ಅನ್ನಿ. ಬಿಸಿಲಲ್ಲಿ ಗಂಟೆಗಟ್ಟಲೆ ನಿಂತು ಎರಡೇ ನಿಮಿಷ ಕಿರುಚೋದು ಯಾವ ಲೆಕ್ಕಕ್ಕೂ ಗಿಟ್ಟೋದಿಲ್ಲ. ಬೇಸಿಗೆಯಲ್ಲಂತೂ ಬೇಡವೇ ಬೇಡ. ಮಧ್ಯಾಹ್ನವಾದರೆ ಗುಡುಗು ಸಮೇತ ಮಳೆ, ಅದು ನಿಂತ ಮೇಲೆ ಮಂಗಳೂರಿನ ಸೆಖೆ. ಮತ್ತೆ ಅಲ್ಲಿ ಬುತ್ತಿ ಒಳಗೆ ಬಿಡ್ತಾರೆ ಕಣ್ರೀ, ಗಾಜಿನ ಡಬ್ಬಿ ಒಂದು ಬೇಡ ಅಷ್ಟೇ. ಚಪಾತಿ, ಚಟ್ನಿಪುಡಿ, ಮೊಸರನ್ನ ಆರಾಮವಾಗಿ ಹೋಗ್ತದೆ.

ನಿಮ್ಮ ಮನೆಯವರು ಹೇಳೋದೂ ಪೂರ್ತಿ ಸುಳ್ಳಲ್ಲ. ತೀರಾ ಚಿಕ್ಕ ಮಕ್ಕಳಿಗೆ ದಂಡವೇ ಸರಿ. ಎವರೆಸ್ಟಿಗೆ 44 ಇಂಚು ಎತ್ತರ ಬೇಕು. ಕೋಲಿನ ಕೆಳಗೆ ಹಿಮ್ಮಡಿ ಎತ್ತಿ ನಿಂತ ಎಷ್ಟು ಹುಡುಗರನ್ನು ವಾಪಸ್ ಕಳಿಸಿದ್ದನ್ನು ನೋಡಿದೆ! ಅಳು, ರಂಪ. ಆದರೆ ನಿಮ್ಮ ಕೊನೇ ಮೊಮ್ಮಗಳಿಗೆ ಇನ್ನೂ ಮೂರು ತುಂಬಿಲ್ಲ, ಅಲ್ವಾ? ಮೂರರೊಳಗಿನವರಿಗೆ ಟಿಕೆಟ್ಟೇ ಇಲ್ಲ. ಅವಳನ್ನು ಬಿಟ್ಟು ಹೋಗ್ತೀವಿ ಅಂದರೆ ಒಪ್ಪಬೇಡಿ. ಅವಳಿದ್ದರೆ ಯಾರಾದರೂ ಒಬ್ಬರು ಕೆಳಗೆ ಕೂರಲೇಬೇಕು, ‘ಅಮ್ಮಾ, ಬಾ, ಹತ್ತು’ ಅಂತ ನಿಮ್ಮ ಕೈ ಹಿಡಿದು ಯಾರೂ ಎಳೆಯೋ ಹಾಗಿಲ್ಲ. ನೆರಳಿರೋ ಬೆಂಚು ಮಾತ್ರ ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ, ಹನ್ನೊಂದರ ಮೇಲೆ ಎಲ್ಲ ಭರ್ತಿ.